ಜಾಂಬೆಜಿ ನೋಡಲು ಹೊರಟ ಮಗಳಿಗೆ ದೊಡ್ಡಮ್ಮನ ಕಿವಿಮಾತು

ಪುಟ್ಟೀ,

ವಿಕ್ಟೋರಿಯಾ ಜಲಪಾತ ನೋಡಲು ಹೊರಡುತ್ತಿದ್ದೀರಿ ಎಂದು ನಿಮ್ಮಮ್ಮ ಹೇಳಿದಾಗಿನಿಂದ ನನಗೂ ಸಂಭ್ರಮ. ನಾನೂ ನಿಮ್ಮ ದೊಡ್ಡಪ್ಪನೂ ಮಗನ ಸಂಸಾರದ ಜೊತೆ ಹೋಗಿ ಆ ನೀರನ್ನು ಕಣ್ಣಾರೆ ಕಂಡವರು. ನೀನು, ಅಳಿಯಂದಿರು, ಹನ್ನೆರಡು ವರ್ಷದ ಮಗ, ಆರು ವರ್ಷದ ಮಗಳು, ಎಪ್ಪತ್ತು ದಾಟಿದ ನಿಮ್ಮತ್ತೆಯವರು. ಐವರದ್ದೂ ಬೇರೆ ಬೇರೆ ನಡಿಗೆ. ಟಿಕೆಟ್ಟು ತೆಗೆಯುವ ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು. ನನ್ನ ಮಾತಿನ ಸಾರ ಇಷ್ಟೇ: ಹೋಗುವ ತಿಂಗಳನ್ನು ನದಿ ಹೇಳಲಿ, ನಡೆಯುವ ವೇಗವನ್ನು ನಿಮ್ಮತ್ತೆಯವರ ಮಂಡಿ ಹೇಳಲಿ. ಉಳಿದದ್ದೆಲ್ಲ ಇವೆರಡರ ಹಿಂದೆ ಬರುತ್ತದೆ. ನೆನಪಾದ ಹಾಗೆ ಬರೆದಿದ್ದೇನೆ, ಅಳಿಯಂದಿರಿಗೂ ಓದಲು ಕೊಡು.

• ಮೊದಲು ನದಿಯ ಲೆಕ್ಕ ತಿಳಿದುಕೊ. ಈ ಜಲಪಾತ ಜಾಂಬಿಯಾ, ಜಿಂಬಾಬ್ವೆಗಳ ಗಡಿಯಲ್ಲಿ ಹರಿಯುವ ಜಾಂಬೆಜಿ ನದಿಯದು. ಜಾಂಬೆಜಿ ಹುಟ್ಟುವುದು ಜಾಂಬಿಯಾದ ವಾಯವ್ಯ ಮೂಲೆಯಲ್ಲಿ. ಅಂಗೋಲಾದೊಳಗೆ ಒಂದು ಸುತ್ತು ಹಾಕಿ ಮತ್ತೆ ಜಾಂಬಿಯಾಕ್ಕೆ ಬರುತ್ತದೆ. ಆ ಕಡೆ ಮಳೆಗಾಲ ನವೆಂಬರಿನಿಂದ ಮಾರ್ಚ್ ತನಕ. ಆದರೆ ಮಳೆ ಬಿದ್ದ ಕೂಡಲೇ ಜಲಪಾತ ತುಂಬುವುದಿಲ್ಲ. ದಾರಿಯಲ್ಲಿ ಬರೋಟ್ಸೆ ಎಂಬ ದೊಡ್ಡ ಬಯಲಿದೆ. ನೆರೆ ನೀರು ಅಲ್ಲಿ ಹರಡಿ ನಿಂತು, ನಿಧಾನವಾಗಿ ಕೆಳಗಿಳಿಯುತ್ತದೆ. ಹಾಗಾಗಿ ಮಳೆ ಮುಗಿಯುವ ಹೊತ್ತಿಗೆ, ಮಾರ್ಚ್‌ನಿಂದ ಮೇ ತನಕ, ಜಲಪಾತಕ್ಕೆ ತುಂಬು ನೀರು. ಅಕ್ಟೋಬರ್, ನವೆಂಬರಿನಲ್ಲಿ ಅತಿ ಕಡಿಮೆ.

• ಈಗ ನಮ್ಮ ಶಾಲೆಗಳ ರಜೆ ನೋಡು. ಬೇಸಿಗೆ ರಜೆ ಏಪ್ರಿಲ್, ಮೇ. ದಸರಾ ರಜೆ ಬಹುಮಟ್ಟಿಗೆ ಅಕ್ಟೋಬರ್. ಒಂದು ತುಂಬಿದ ನದಿಗೆ, ಇನ್ನೊಂದು ಸೊರಗಿದ ನದಿಗೆ ಬೀಳುತ್ತದೆ. ಏಪ್ರಿಲಿನಲ್ಲಿ ಹೋದವರಿಗೆ ಆರ್ಭಟ ಎದೆಗೆ ತಟ್ಟುತ್ತದೆ, ಆದರೆ ಎರಚಲು ನೂರಾರು ಮೀಟರು ಮೇಲೆದ್ದು ಎದುರಿಗಿರುವ ಜಲಪಾತವನ್ನೇ ಮುಚ್ಚಿಬಿಡುತ್ತದೆ. ಮೂರು ಅಡಿ ದೂರದಲ್ಲಿ ನಿಂತವರು ಕೂಗಿದರೂ ಕೇಳಿಸುವುದಿಲ್ಲ. ದಸರೆಗೆ ಹೋದರೆ ಕಮರಿಯ ಬುಡದ ತನಕ ಕಣ್ಣು ಹರಿಯುತ್ತದೆ, ಆದರೆ ಜಾಂಬಿಯಾ ಕಡೆಯ ಬಂಡೆಗೋಡೆ ಬಹುಪಾಲು ಬರಿದಾಗಿರುತ್ತದೆ. ನನ್ನ ತೀರ್ಮಾನ ಕೇಳಿದರೆ ಮೇ ಕೊನೆಯ ವಾರ. ನೀರು ಇನ್ನೂ ಹೇರಳವಾಗಿರುತ್ತದೆ, ಎರಚಲು ಕೊಂಚ ತಗ್ಗುತ್ತಾ ಬಂದಿರುತ್ತದೆ, ಹಗಲು ಹಿತವಾಗಿರುತ್ತದೆ. ಶಾಲೆ ತೆರೆದ ಮೇಲೆ ಒಂದು ವಾರ ತಪ್ಪಿಸಲು ನಿಮಗೆ ಮನಸ್ಸಿದ್ದರೆ ಜೂನ್ ಇನ್ನೂ ಚೆನ್ನ. ಜೂನ್‌ನಿಂದ ಆಗಸ್ಟ್ ತನಕ ನೀರೂ ನೋಟವೂ ಎರಡೂ ಸಿಗುವ ಕಾಲ.

• ದಸರೆಯೇ ಆಗಬೇಕೆಂದರೆ ಬೇಡ ಎನ್ನಲಾರೆ. ಜಿಂಬಾಬ್ವೆ ಕಡೆಯ ಡೆವಿಲ್ಸ್ ಕ್ಯಾಟರಾಕ್ಟ್ ಎಂಬ ಧಾರೆಯಲ್ಲೂ ಮುಖ್ಯ ಜಲಪಾತದಲ್ಲೂ ವರ್ಷವಿಡೀ ನೀರಿರುತ್ತದೆ, ಅಲ್ಲಿಗೇ ಹೋಗಿ. ಬಿಸಿಲು ಮಾತ್ರ ಕಡು. ನಿಮ್ಮತ್ತೆಯವರನ್ನು ಬೆಳಿಗ್ಗೆ ಹತ್ತರ ಮೇಲೆ ಹೊರಗೆ ನಡೆಸಬೇಡಿ.

• ಕ್ರಿಸ್‌ಮಸ್ ರಜೆ ಬೇಡವೇ ಬೇಡ. ನೀರು ಇನ್ನೂ ಏರಿರುವುದಿಲ್ಲ, ಸೆಕೆ ಜಾಸ್ತಿ, ಸೊಳ್ಳೆಯ ಕಾಲ.

• ಜಲಪಾತ ಎರಡು ದೇಶಗಳ ಗಡಿಯಲ್ಲಿದೆ, ದಡ ಆರಿಸುವುದು ನಿಮ್ಮ ಕೈಯಲ್ಲಿದೆ. ಅಗಲ 1,708 ಮೀಟರು, ಎತ್ತರ 108 ಮೀಟರು. ಜೋಗ ನೋಡಿದ ನಮ್ಮ ಕಣ್ಣು ಮೊದಲು ಎತ್ತರ ಹುಡುಕುತ್ತದೆ. ಜೋಗದ ಧುಮುಕು 253 ಮೀಟರು, ಇದಕ್ಕಿಂತ ಎರಡು ಪಟ್ಟು ಮಿಗಿಲು. ಇಲ್ಲಿ ನೋಡಬೇಕಾದ್ದು ಅಗಲ. ಜೋಗದಲ್ಲಿ ದೂರದ ಕಟ್ಟೆಯ ಮೇಲೆ ನಿಂತು ನೋಡುತ್ತೇವೆ. ಇಲ್ಲಿ ನದಿ ಒಂದು ಕಿರಿದಾದ ಸೀಳಿಗೆ ಬೀಳುತ್ತದೆ, ನೀವು ಆ ಸೀಳಿನ ಎದುರಂಚಿನಲ್ಲಿ, ನೀರು ಬೀಳುವ ಮಟ್ಟದಲ್ಲೇ, ಉದ್ದಕ್ಕೂ ನಡೆಯುತ್ತೀರಿ. ಆ ಎದುರಂಚಿನ ಬಹುಭಾಗ ಜಿಂಬಾಬ್ವೆಗೆ ಸೇರಿದ್ದು. ಜಲಪಾತದ ಮುಕ್ಕಾಲು ಪಾಲು ಅಲ್ಲಿಂದಲೇ ಕಾಣುತ್ತದೆ.

• ಅದಕ್ಕೇ ಉಳಿದುಕೊಳ್ಳಲು ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್ ಊರನ್ನು ಆರಿಸಿ. ಊರಿನಿಂದ ಜಲಪಾತದ ಉದ್ಯಾನದ ಬಾಗಿಲಿಗೆ ನಡೆದೇ ಹೋಗಬಹುದು, ಸುಸ್ತಾದವರು ಬೇಗ ಕೋಣೆಗೆ ಮರಳಬಹುದು. ಜಾಂಬಿಯಾದ ಲಿವಿಂಗ್‌ಸ್ಟನ್ ಪಟ್ಟಣ ಜಲಪಾತದಿಂದ ಸುಮಾರು ಹತ್ತು ಕಿಲೋಮೀಟರು. ಪ್ರತಿ ಸಲ ಗಾಡಿ ಬೇಕು.

• ವೀಸಾ: ಎರಡೂ ದೇಶಗಳಿಗೆ ಸೇರಿ ಕಾಝಾ ಯೂನಿವೀಸಾ ಎಂಬ ಒಂದೇ ವೀಸಾ ಇದೆ, 50 ಡಾಲರು, 30 ದಿನ ನಡೆಯುತ್ತದೆ. ಎರಡು ದೇಶಗಳ ನಡುವಿನ ಸೇತುವೆ ದಾಟಿ ಆಚೆ ಈಚೆ ಓಡಾಡುವವರಿಗೆ ಅನುಕೂಲ. ಭಾರತದ ಪಾಸ್‌ಪೋರ್ಟಿಗೆ ನೀವು ಹೋಗುವ ತಿಂಗಳಲ್ಲಿ ಯಾವ ನಿಯಮ ನಡೆಯುತ್ತಿದೆ ಎಂಬುದನ್ನು ಎರಡೂ ದೇಶಗಳ ವಲಸೆ ಇಲಾಖೆಯ ಜಾಲತಾಣದಲ್ಲಿ ನೀನೇ ಓದು. ಏಜೆಂಟರ ಬಾಯಿಮಾತಿನ ಮೇಲೆ ಐದು ಜನರ ಟಿಕೆಟ್ಟು ತೆಗೆಯಬೇಡ. ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಅವಧಿ ಉಳಿದಿರಲಿ, ಖಾಲಿ ಹಾಳೆಗಳು ಇರಲಿ; ಅಲ್ಲಿಯ ಮುದ್ರೆಗಳು ಹಾಳೆ ತಿನ್ನುತ್ತವೆ.

• ಮಕ್ಕಳಿಬ್ಬರ ಜನನ ಪ್ರಮಾಣಪತ್ರದ ಇಂಗ್ಲಿಷ್ ಪ್ರತಿ, ತಂದೆ ತಾಯಿ ಇಬ್ಬರ ಹೆಸರೂ ಇರುವುದು, ದೃಢೀಕರಿಸಿ ಇಟ್ಟುಕೊ. ಆಫ್ರಿಕಾದ ದಕ್ಷಿಣದ ದೇಶಗಳು ಮಕ್ಕಳ ಕಳ್ಳಸಾಗಣೆ ತಡೆಯಲು ಇದನ್ನು ಕೇಳುತ್ತವೆ, ಕೇಳುವುದು ಸರಿಯಾದದ್ದೇ. ಅಳಿಯಂದಿರಿಗೆ ಆಫೀಸಿನ ಕೆಲಸ ಬಿದ್ದು ನೀನೊಬ್ಬಳೇ ಮಕ್ಕಳನ್ನು ಕರೆದೊಯ್ಯುವುದಾದರೆ ಅವರ ಒಪ್ಪಿಗೆಯ ಅಫಿಡವಿಟ್ಟೂ ಬೇಕು.

• ಹಳದಿ ಜ್ವರದ ವಿಷಯದಲ್ಲಿ ತುಂಬಾ ಎಚ್ಚರ. ತೊಂದರೆ ಬರುವುದು ಅಲ್ಲಿ ಇಳಿಯುವಾಗ ಮಾತ್ರವಲ್ಲ, ಬೆಂಗಳೂರಿನಲ್ಲಿ ಇಳಿಯುವಾಗಲೂ. ಇಥಿಯೋಪಿಯಾ, ಕೀನ್ಯಾ ನಮ್ಮ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶಗಳು. ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸಿ, ಊರು ನೋಡೋಣವೆಂದು ಒಂದು ರಾತ್ರಿ ಹೊರಗೆ ಕಾಲಿಟ್ಟು, ಲಸಿಕೆಯ ಪತ್ರವಿಲ್ಲದೆ ಬಂದರೆ ಇಲ್ಲಿ ಆರು ದಿನಗಳ ತನಕ ಪ್ರತ್ಯೇಕವಾಗಿ ಇರಿಸಬಹುದು. ನಿಲ್ದಾಣದಿಂದ ಹೊರಬರದೆ ವಿಮಾನ ಬದಲಿಸಿದವರಿಗೆ ವಿನಾಯಿತಿ ಉಂಟು, ಆದರೆ ಅದು ಆರೋಗ್ಯಾಧಿಕಾರಿ ಒಪ್ಪಿದರೆ ಮಾತ್ರ. ಆದ್ದರಿಂದ ಆ ದಾರಿಯಲ್ಲಿ ಹೋಗುವುದಾದರೆ ಲಸಿಕೆ ಹಾಕಿಸಿಕೊಳ್ಳಿ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಪತ್ರ ಚಾಲ್ತಿಗೆ ಬರುವುದು ಹತ್ತು ದಿನಗಳ ನಂತರ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು.

• ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಗಂಭೀರ ತೊಂದರೆಯಾಗುವ ಸಂಭವ ಉಳಿದವರಿಗಿಂತ ಹೆಚ್ಚು. ನಿಮ್ಮತ್ತೆಯವರಿಗೆ ಅವರ ಡಾಕ್ಟರನ್ನು ಕೇಳದೆ ಹಾಕಿಸಲೇಬೇಡಿ. ಡಾಕ್ಟರು ಬೇಡವೆಂದರೆ ದುಬೈ, ಜೊಹಾನ್ಸ್‌ಬರ್ಗ್ ದಾರಿ ಹಿಡಿಯಿರಿ. ಆಗ ಮೊದಲಿನಿಂದ ಕೊನೆಯ ತನಕ ಒಂದೇ ಟಿಕೆಟ್ಟಿರಲಿ, ಪೆಟ್ಟಿಗೆಗಳು ನೇರವಾಗಿ ಕೊನೆಯ ಊರಿಗೇ ಹೋಗಲಿ. ಜೊಹಾನ್ಸ್‌ಬರ್ಗಿನಲ್ಲಿ ಪೆಟ್ಟಿಗೆ ಇಳಿಸಿಕೊಳ್ಳಲು ಹೊರಗೆ ಬರಬೇಕಾದರೆ ದಕ್ಷಿಣ ಆಫ್ರಿಕಾದ ವೀಸಾ ಬೇಕಾಗುತ್ತದೆ. ಇದು ದುಬಾರಿ ಎಂದು ಅಳಿಯಂದಿರು ಹೇಳಬಹುದು. ಹಿರಿಯರ ಮೈಗಿಂತ ಹಣ ದೊಡ್ಡದಲ್ಲ.

• ಮಲೇರಿಯಾಕ್ಕೆ ಲಸಿಕೆ ನಂಬಿ ಹೋಗುವ ಹಾಗಿಲ್ಲ, ಮಾತ್ರೆ ತೆಗೆದುಕೊಳ್ಳಬೇಕು. ಹೊರಡುವ ಮುಂಚೆ ಶುರುಮಾಡಿ, ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಬೇಕು. ಆರು ವರ್ಷದ ಕೂಸಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ, ಅವಳಿಗೆ ತೂಕ ನೋಡಿ ಬೇರೆ ಮಾತ್ರೆ ಬರೆಯುತ್ತಾರೆ. ಮುಸ್ಸಂಜೆಯಿಂದ ಬೆಳಗಿನ ತನಕ ಉದ್ದ ತೋಳು, ಉದ್ದ ಪ್ಯಾಂಟು, ಮೈಗೆ ಸೊಳ್ಳೆಯ ಮುಲಾಮು. ಸೊಳ್ಳೆಪರದೆ ಇಲ್ಲದ ಕೋಣೆಯನ್ನು ಒಪ್ಪಬೇಡಿ.

• ಔಷಧಿ ಡಬ್ಬಿಯನ್ನು ಒಮ್ಮೆ ಸುರುವಿ ನೋಡು. ನಮ್ಮ ಮನೆಗಳಲ್ಲಿ ಕೆಮ್ಮಿಗೆ ಕೊಡುವ ಬೆನಾಡ್ರಿಲ್‌ನಲ್ಲಿರುವ ಡೈಫೆನ್‌ಹೈಡ್ರಮಿನ್ ಜಾಂಬಿಯಾದಲ್ಲಿ ನಿಯಂತ್ರಿತ ಔಷಧ. ಅದನ್ನು ಇಟ್ಟುಕೊಂಡ ಪ್ರವಾಸಿಗರನ್ನು ಬಂಧಿಸಿದ್ದೂ ಉಂಟು. ಕೋಡೀನ್ ಇರುವ ಸಿರಪ್ಪೂ ಬೇಡ. ನಿಮ್ಮತ್ತೆಯವರ ಸಕ್ಕರೆ, ರಕ್ತದೊತ್ತಡದ ಮಾತ್ರೆಗಳು ಅಂಗಡಿಯ ಪಟ್ಟಿಯಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ತುಂಬಬೇಡ. ಡಾಕ್ಟರ ಚೀಟಿ ಜೊತೆಗಿರಲಿ. ಎಲ್ಲವೂ ಕೈಚೀಲದಲ್ಲಿ, ವಿಮಾನದೊಳಗೆ ನಿಮ್ಮ ಜೊತೆ ಬರಲಿ.

• ವಿಮೆ ಮಾಡಿಸುವಾಗ ರೋಗಿಯನ್ನು ವಿಮಾನದಲ್ಲಿ ದೊಡ್ಡ ಊರಿಗೆ ಸಾಗಿಸುವ ಖರ್ಚೂ ಅದರಲ್ಲಿದೆಯೇ ಎಂದು ಓದಿ ನೋಡಿ. ಜಲಪಾತದ ಎರಡೂ ಕಡೆಯವು ಸಣ್ಣ ಊರುಗಳು. ನಮ್ಮ ರಾಯಭಾರ ಕಚೇರಿ ಇರುವುದು ಹರಾರೆಯಲ್ಲಿ, ಹೈಕಮಿಷನ್ ಇರುವುದು ಲುಸಾಕಾದಲ್ಲಿ. ಎರಡೂ ಜಲಪಾತಕ್ಕೆ ದೂರ. ಎರಡರ ಫೋನ್ ನಂಬರನ್ನೂ ಕಾಗದದಲ್ಲಿ ಬರೆದಿಟ್ಟುಕೊ.

• ಹಣ: ಜಿಂಬಾಬ್ವೆಯಲ್ಲಿ ಪ್ರವಾಸಿಗರ ವ್ಯವಹಾರ ಅಮೆರಿಕದ ಡಾಲರಿನಲ್ಲೇ. ಒಂದು, ಐದು, ಹತ್ತರ ನೋಟುಗಳನ್ನು ಇಲ್ಲಿಂದಲೇ ಒಯ್ಯಿರಿ, ಅಲ್ಲಿ ಚಿಲ್ಲರೆಗೆ ತುಂಬಾ ಪರದಾಟ. ಹರಿದ, ಮಾಸಿದ, ಗೀಚಿದ ನೋಟನ್ನು ಬೇಡ ಎನ್ನುತ್ತಾರೆ. 2024ರ ಏಪ್ರಿಲಿನಲ್ಲಿ ಆ ದೇಶ ಝಿಗ್ ಎಂಬ ಹೊಸ ಕರೆನ್ಸಿ ತಂದಿದೆ. ಅದನ್ನು ಕೂಡಿಟ್ಟುಕೊಳ್ಳಬೇಡಿ, ಹೊರಗೆಲ್ಲೂ ಬದಲಿಸಲು ಆಗುವುದಿಲ್ಲ. ಜಾಂಬಿಯಾದಲ್ಲಿ ಕ್ವಾಚಾ ನಡೆಯುತ್ತದೆ. ಬೀದಿಯಲ್ಲಿ ಹಣ ಬದಲಿಸಿಕೊಡುತ್ತೇವೆ ಎಂದು ಬರುವವರ ಬಳಿ ನಿಲ್ಲಲೂ ಬೇಡಿ.

• ಬಟ್ಟೆಯ ಮಾತು. ಮಗನಿಗೆ ಮಿಲಿಟರಿ ಮಾದರಿಯ ಹಸಿರು ಕಂದು ಮಚ್ಚೆಯ ಪ್ಯಾಂಟು, ಟೋಪಿ ಇದ್ದರೆ ಮನೆಯಲ್ಲೇ ಬಿಡು. ಅದು ಅಲ್ಲಿ ಸೈನಿಕರ ಉಡುಪು, ಉಳಿದವರು ತೊಡುವುದು ಕಾನೂನಿಗೆ ವಿರುದ್ಧ. ನಿಮ್ಮತ್ತೆಯವರಿಗೆ ಸೀರೆಯೇ ರೂಢಿ ಎಂದು ಗೊತ್ತು. ಆದರೆ ಎರಚಲಿಗೆ ನೆಂದ ಸೀರೆ ಭಾರವಾಗಿ ಕಾಲಿಗೆ ತೊಡರುತ್ತದೆ, ಕೆಳಗೆ ಒದ್ದೆ ಕಲ್ಲು. ಜಲಪಾತದ ದಿನಗಳಿಗೆ ಬೇಗ ಒಣಗುವ ಚೂಡಿದಾರಕ್ಕೆ ಈಗಿನಿಂದಲೇ ಒಪ್ಪಿಸು. ಜಾರದ ಅಟ್ಟೆಯ ಶೂ ಎಲ್ಲರಿಗೂ ಬೇಕು, ಹವಾಯಿ ಚಪ್ಪಲಿ ಬೇಡ. ಬಾಗಿಲ ಬಳಿ ರೈನ್‌ಕೋಟು ಬಾಡಿಗೆಗೆ ಸಿಗುತ್ತದೆ, ಆದರೆ ನಿಮ್ಮದೇ ಇದ್ದರೆ ಚೊಕ್ಕಟ. ಫೋನು, ಪಾಸ್‌ಪೋರ್ಟಿಗೆ ನೀರು ಹೋಗದ ಚೀಲ. ಕನ್ನಡಕ ಒರೆಸಲು ಒಣಬಟ್ಟೆ. ಜೂನ್, ಜುಲೈ ರಾತ್ರಿಗಳಲ್ಲಿ ಚಳಿ ಕೊರೆಯುತ್ತದೆ. ಮುಂಜಾನೆ ತೆರೆದ ಜೀಪಿನಲ್ಲಿ ಕಾಡಿಗೆ ಹೋಗುವಾಗ ಸ್ವೆಟರು, ಮಂಕಿಕ್ಯಾಪು ಎರಡೂ ಬೇಕು.

• ಜಲಪಾತವನ್ನು ಎರಡು ದಿನ ನೋಡಿ. ಇದು ನನ್ನ ಒತ್ತಾಯ. ಎಷ್ಟೋ ಕುಟುಂಬಗಳು ಒಂದು ಬೆಳಿಗ್ಗೆ ಒಳಗೆ ಹೋಗಿ, ಎಲ್ಲ ಕಟ್ಟೆಗಳಲ್ಲೂ ಫೋಟೋ ತೆಗೆದು, ಮಧ್ಯಾಹ್ನಕ್ಕೆ ಹೆಲಿಕಾಪ್ಟರು, ಸಂಜೆಗೆ ದೋಣಿ ಎಂದು ಓಡುತ್ತವೆ. ಅಷ್ಟು ದೂರ ಹೋಗುವುದು ಆ ನೀರಿಗಾಗಿ. ಮೊದಲ ದಿನ ಬಾಗಿಲು ತೆರೆಯುವ ಹೊತ್ತಿಗೇ ಒಳಗೆ ಹೋಗಿ, ಡೆವಿಲ್ಸ್ ಕ್ಯಾಟರಾಕ್ಟ್, ಮುಖ್ಯ ಜಲಪಾತ ಇಷ್ಟೇ ನೋಡಿ, ಒಂದು ಕಡೆ ಕುಳಿತು ಬನ್ನಿ. ಎರಡನೆಯ ದಿನ ಇನ್ನೊಂದು ತುದಿಗೆ ನಡೆಯಿರಿ. ಜಿಂಬಾಬ್ವೆ ಕಡೆಯ ಹಾದಿ ಹೆಚ್ಚುಕಡಿಮೆ ಸಮತಟ್ಟು, ನಿಮ್ಮತ್ತೆಯವರು ಕೋಲು ಊರಿಕೊಂಡು ನಿಧಾನವಾಗಿ ಬರಬಲ್ಲರು. ಅವರು ನಿಂತಲ್ಲಿ ಎಲ್ಲರೂ ನಿಲ್ಲಿ. ಅವರನ್ನು ಬೆಂಚಿನ ಮೇಲೆ ಕೂರಿಸಿ ನೀವು ಮುಂದೆ ಹೋಗಬೇಡಿ. ಆ ಸದ್ದಿನಲ್ಲಿ ಅವರು ಕರೆದರೂ ನಿಮಗೆ ಕೇಳುವುದಿಲ್ಲ.

• ನಡೆಯುವಾಗ ಸುತ್ತಲಿನ ಮರಗಳನ್ನೂ ನೋಡಿ. ಕೆಲವೇ ಹೆಜ್ಜೆ ಆಚೆ ಒಣಗಿದ ಕುರುಚಲು ನೆಲ. ಜಲಪಾತದ ಎದುರಿಗೆ ಮಾತ್ರ ಅತ್ತಿಯ ಜಾತಿಯ ಮರಗಳು, ಜರೀಗಿಡಗಳು, ಬಳ್ಳಿಗಳು ತುಂಬಿದ ಮಳೆಕಾಡು. ಅದನ್ನು ಸಾಕುತ್ತಿರುವುದು ಆ ಎರಚಲು.

• ಡೇಂಜರ್ ಪಾಯಿಂಟ್ ಎಂಬ ತುದಿಯಲ್ಲಿ ಕಟಾಂಜನ ಇಲ್ಲ, ಬಂಡೆ ಸದಾ ಒದ್ದೆ. ಮಕ್ಕಳ ಕೈ ಹಿಡಿದು ದೂರದಿಂದ ತೋರಿಸಿ, ಸಾಕು. ಬೇರೆ ಕಡೆಗಳಲ್ಲೂ ಕೆಲವೆಡೆ ಮುಳ್ಳಿನ ಪೊದೆಯೇ ಬೇಲಿ. ಆರು ವರ್ಷದವಳ ಕೈ ಒಬ್ಬರ ಕೈಯಲ್ಲಿ ಸದಾ ಇರಲಿ; ಯಾರ ಸರದಿ ಎಂದು ಬೆಳಿಗ್ಗೆಯೇ ನಿಶ್ಚಯ ಮಾಡಿಕೊಳ್ಳಿ. ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡಾಗಲೇ ಯಾರೂ ನೋಡುತ್ತಿರುವುದಿಲ್ಲ.

• ಬಿಸಿಲು ಬೆನ್ನಿಗಿದ್ದು ಎರಚಲು ಮುಂದಿದ್ದಾಗ ಕಾಮನಬಿಲ್ಲು ಕಾಣುತ್ತದೆ. ತುಂಬು ನೀರಿನ ತಿಂಗಳುಗಳಲ್ಲಿ ಹುಣ್ಣಿಮೆಯ ಆಸುಪಾಸು ರಾತ್ರಿಯೂ ಒಳಗೆ ಬಿಡುತ್ತಾರೆ. ಬೆಳದಿಂಗಳಿನಲ್ಲೂ ಬಿಲ್ಲು ಮೂಡುತ್ತದೆ, ಮಸುಕಾಗಿ. ಪಂಚಾಂಗ ನೋಡಿ ದಿನ ಗೊತ್ತುಮಾಡುವುದಾದರೆ ಈ ಕಾರಣಕ್ಕೆ ನೋಡಿ.

• ಜಾಂಬಿಯಾ ಕಡೆಗೆ ಒಂದು ಹೊತ್ತು ಮೀಸಲಿಡಿ. ಅಲ್ಲಿಯ ನೈಫ್ ಎಡ್ಜ್ ಎಂಬ ಕಾಲುಸೇತುವೆಯ ಮೇಲೆ ಎರಚಲು ಸುರಿಯುವ ಮಳೆಗಿಂತ ಜೋರು. ಮಗನಿಗೂ ಅಳಿಯಂದಿರಿಗೂ ಅದು ಹಬ್ಬ. ಬಾಯ್ಲಿಂಗ್ ಪಾಟ್ ಎಂಬಲ್ಲಿಗೆ ಇಳಿಯುವ ದಾರಿ ಕಡಿದು, ಹತ್ತುವಾಗ ಉಸಿರು ಕಟ್ಟುತ್ತದೆ. ನಿನಗೂ ಬೇಡ, ನಿಮ್ಮತ್ತೆಯವರಿಗಂತೂ ಬೇಡವೇ ಬೇಡ.

• ಎರಡು ದೇಶಗಳ ನಡುವಿನ ಸೇತುವೆಯ ಮೇಲೆ ನಡೆದು ಹೋಗಿ. 1905ರಲ್ಲಿ ತೆರೆದದ್ದು, ಉದ್ದ 198 ಮೀಟರು, ನೀರಿನಿಂದ 128 ಮೀಟರು ಮೇಲೆ. ಉಕ್ಕಿನ ಭಾಗಗಳನ್ನು ಇಂಗ್ಲೆಂಡಿನಲ್ಲಿ ತಯಾರಿಸಿ ಹಡಗಿನಲ್ಲಿ ತಂದು ಜೋಡಿಸಿದರು. ರೈಲು, ಲಾರಿ, ಕಾಲ್ನಡೆ ಮೂರಕ್ಕೂ ಅದೇ. ಸೇತುವೆಯ ನಡುವಿನ ತನಕ ಮಾತ್ರ ಹೋಗಿ ಬರುವುದಾದರೆ ಗಡಿ ಕಚೇರಿಯಲ್ಲಿ ಒಂದು ಚೀಟಿ ಕೊಡುತ್ತಾರೆ. ಅಲ್ಲಿಂದ 111 ಮೀಟರು ಕೆಳಕ್ಕೆ ಹಗ್ಗ ಕಟ್ಟಿಕೊಂಡು ಹಾರುತ್ತಾರೆ. 2011ರ ಡಿಸೆಂಬರಿನಲ್ಲಿ ಹಗ್ಗ ಕಡಿದು ಒಬ್ಬ ಹೆಣ್ಣುಮಗಳು ನದಿಗೆ ಬಿದ್ದು, ಜೀವ ಉಳಿಸಿಕೊಂಡಳು. ಅಳಿಯಂದಿರು ಹಾರುತ್ತೇನೆಂದರೆ ಮಕ್ಕಳ ಮುಖ ನೋಡಿ ನಿರ್ಧರಿಸಲಿ.

• ಡೆವಿಲ್ಸ್ ಪೂಲ್ ಬೇಡ. ನೀರು ಇಳಿದ ಕಾಲದಲ್ಲಿ ಜಲಪಾತದ ತುದಿಯಲ್ಲೇ ಒಂದು ಬಂಡೆಗುಂಡಿಯಲ್ಲಿ ಇಳಿದು ಈಜಿಸುತ್ತಾರೆ. ಫೋಟೋ ನೋಡಿದವರಿಗೆಲ್ಲ ಆಸೆಯಾಗುತ್ತದೆ. ಸಂಸಾರ ಕಟ್ಟಿಕೊಂಡು ಹೋದವರ ಜಾಗ ಅದಲ್ಲ.

• ಜಲಪಾತದ ಮೇಲ್ಗಡೆ ನದಿ ಶಾಂತವಾಗಿ ಕಾಣುತ್ತದೆ. ಅದರಲ್ಲಿ ಮೊಸಳೆಯೂ ನೀರಾನೆಯೂ ಇವೆ. ಕೈಕಾಲು ತೊಳೆಯಲು ಸಹ ದಡಕ್ಕೆ ಇಳಿಯಬೇಡಿ. ಆ ಕಡೆಯ ಹೊಳೆ, ಕೆರೆಗಳ ನೀರಿನಲ್ಲಿ ಬಿಲ್ಹಾರ್ಜಿಯಾ ಎಂಬ ಹುಳುವಿನ ರೋಗವೂ ಉಂಟು.

• ಊರೊಳಗೇ ಆನೆ ಬರುತ್ತದೆ, ರಸ್ತೆ ಬದಿಯಲ್ಲಿ ಕಾಡುಹಂದಿ ಮೇಯುತ್ತದೆ. ಕತ್ತಲಾದ ಮೇಲೆ ಹತ್ತು ಹೆಜ್ಜೆಗೂ ಟ್ಯಾಕ್ಸಿ ಹಿಡಿಯಿರಿ. ಬಬೂನ್ ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಚೆನ್ನಾಗಿ ಗೊತ್ತು. ಬಿಸ್ಕತ್ತು, ಬಾಳೆಹಣ್ಣು ಕೈಯಲ್ಲಿ ಹಿಡಿದು ನಡೆಯಬೇಡಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಕಚ್ಚಿದರೆ, ಪರಚಿದರೆ ಸೋಪುನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ರೇಬೀಸ್ ಚುಚ್ಚುಮದ್ದಿಗೆ ಓಡಬೇಕು.

• ಸಂಜೆಯ ದೋಣಿ ವಿಹಾರ ಐವರಿಗೂ ಒಟ್ಟಿಗೆ ಒಗ್ಗುವ ಒಂದೇ ಸುತ್ತಾಟ. ನಡೆಯುವ ಕೆಲಸವಿಲ್ಲ, ಕುಳಿತಲ್ಲಿಗೇ ನೀರಾನೆ, ಹಕ್ಕಿಗಳು, ಪುಣ್ಯವಿದ್ದರೆ ನದಿ ದಾಟುವ ಆನೆ. ಮದ್ಯ ಸುರಿಯುವ ಗುಂಪಿನ ದೋಣಿ ಬೇಡ, ಸಣ್ಣ ದೋಣಿ ಕೇಳಿ ಹಿಡಿಯಿರಿ. ಜೀವರಕ್ಷಕ ಅಂಗಿ ಮಕ್ಕಳ ಅಳತೆಯದ್ದು ಇದೆಯೇ ಎಂದು ಹತ್ತುವ ಮುಂಚೆ ನೋಡಿ.

• ಬೋಟ್ಸ್ವಾನಾದ ಚೋಬೆ ಕಾಡು ಸುಮಾರು 80 ಕಿಲೋಮೀಟರು, ಆನೆಗಳಿಗೆ ಹೆಸರಾದದ್ದು. ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಅದು ಮೂರನೆಯ ದೇಶ, ಅಲ್ಲಿನ ವೀಸಾ ವಿಚಾರವನ್ನು ಬೆಂಗಳೂರಿನಲ್ಲೇ ಮುಗಿಸಿಕೊಳ್ಳಿ. ಉದ್ದದ ದಿನ ಅದು, ಮಾರನೆಯ ದಿನ ಏನನ್ನೂ ಇಟ್ಟುಕೊಳ್ಳಬೇಡಿ.

• ಸಿಂಹದ ಮರಿಯ ಜೊತೆ ನಡೆದಾಟ, ಆನೆ ಸವಾರಿ ಎಂದು ಮಾರಲು ಬರುತ್ತಾರೆ. ಕಾಡಿನ ಪ್ರಾಣಿಯನ್ನು ಮನುಷ್ಯರ ಕೈಗೆ ಪಳಗಿಸಿ ದುಡಿಸುವ ವ್ಯಾಪಾರಕ್ಕೆ ನಿಮ್ಮ ಹಣ ಕೊಡಬೇಡಿ. ಮಕ್ಕಳು ಹಟ ಹಿಡಿದರೆ ಕೂರಿಸಿಕೊಂಡು ಕಾರಣ ಹೇಳಿ, ಅವರಿಗೆ ಅರ್ಥವಾಗುತ್ತದೆ.

• ಊಟಕ್ಕೆ ಹೆದರಬೇಕಾಗಿಲ್ಲ. ಅಲ್ಲಿಯವರ ದಿನನಿತ್ಯದ ಊಟ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಜಿಂಬಾಬ್ವೆಯಲ್ಲಿ ಸಾಡ್ಜಾ, ಜಾಂಬಿಯಾದಲ್ಲಿ ನ್ಶಿಮಾ ಎನ್ನುತ್ತಾರೆ. ಕೈಯಲ್ಲೇ ಮುರಿದು ತಿನ್ನುತ್ತಾರೆ, ಜೊತೆಗೆ ಸೊಪ್ಪಿನ ಪಲ್ಯ. ಶೇಂಗಾ ಅರೆದು ಹಾಕಿದ ಸೊಪ್ಪು ನಮ್ಮ ನಾಲಿಗೆಗೆ ಬಹಳ ಹಿಡಿಸುತ್ತದೆ. ಮಾಂಸದ ಸಾರು ಬೆರೆಸಿದ್ದೀರಾ ಎಂದು ಕೇಳದೆ ಬಡಿಸಿಕೊಳ್ಳಬೇಡಿ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಕೋಳಿ ಬಡಿಸುವವರೂ ಇದ್ದಾರೆ, ಮಾಂಸ, ಮೀನು, ಕೋಳಿ ಯಾವುದೂ ಬೇಡ ಎಂದು ಬಿಡಿಸಿ ಹೇಳಿ. ನಿಮ್ಮತ್ತೆಯವರಿಗೆ ಹುರಿದ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಸಿದ್ಧ ಪುಡಿ ಕಟ್ಟಿಕೊ. ಹಸಿ ತರಕಾರಿ, ಹಣ್ಣು, ಬೀಜ, ತುಪ್ಪ ಒಯ್ಯಬೇಡ, ಗಡಿಯಲ್ಲಿ ತೆಗೆದಿಡುತ್ತಾರೆ. ಕುಡಿಯಲು ಬಾಟಲಿ ನೀರು.

• ಲಿವಿಂಗ್‌ಸ್ಟನ್ ಎಂಬ ಬ್ರಿಟಿಷ್ ಅನ್ವೇಷಕ ಈ ಜಲಪಾತವನ್ನು ಕಂಡುಹಿಡಿದ ಎಂದು ಮಕ್ಕಳು ಎಲ್ಲಾದರೂ ಓದಿಕೊಂಡು ಬಂದಾರು. ಅದನ್ನು ತಿದ್ದಿ. ಟೋಂಗಾ, ಲೆಯಾ ಜನ ಆ ದಡಗಳಲ್ಲಿ ತಲೆಮಾರುಗಳಿಂದ ಬಾಳಿದವರು. 1855ರ ನವೆಂಬರಿನಲ್ಲಿ ಅವನನ್ನು ದೋಣಿಯಲ್ಲಿ ಕರೆದೊಯ್ದು, ಜಲಪಾತದ ತುದಿಯ ದ್ವೀಪದಲ್ಲಿ ಇಳಿಸಿ ತೋರಿಸಿದವರು ಸ್ಥಳೀಯರೇ. ಅವನು ತನ್ನ ರಾಣಿಯ ಹೆಸರಿಟ್ಟ. ಅಲ್ಲಿಯ ಹೆಸರು ಮೊಸಿ-ಓವಾ-ತುನ್ಯ. 1989ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಎರಡೂ ಹೆಸರುಗಳನ್ನು ಇಟ್ಟಿತು. ಮಕ್ಕಳು ಎರಡನ್ನೂ ಕಲಿಯಲಿ. ಪರಾಧೀನವಾಗಿದ್ದು ಸ್ವತಂತ್ರವಾದ ನಾಡಿನವರು ನಾವು, ನಮ್ಮ ಮಕ್ಕಳಿಗೆ ಇದು ಸುಲಭವಾಗಿ ತಿಳಿಯಬೇಕು.

• ಮಗನಿಗೆ ಭೂಗೋಳ ಇಷ್ಟವಲ್ಲವೇ? ಅವನಿಗೆ ಇದನ್ನು ತೋರಿಸಿ: ನೆಲವೆಲ್ಲ ಕಪ್ಪು ಲಾವಾಶಿಲೆ, ಅದರಲ್ಲಿ ಅಡ್ಡಡ್ಡ ಬಿರುಕುಗಳು. ನದಿ ಒಂದು ಬಿರುಕನ್ನು ಕೊರೆದು ಜಲಪಾತವಾಗುತ್ತದೆ, ಕಾಲಾಂತರದಲ್ಲಿ ಹಿಂದಿನ ಬಿರುಕಿಗೆ ಸರಿಯುತ್ತದೆ. ಕೆಳಗಿನ ಅಂಕುಡೊಂಕು ಕಮರಿಗಳೆಲ್ಲ ಹಳೆಯ ಜಲಪಾತಗಳ ಜಾಗ. ಮುಂದಿನ ಜಲಪಾತದ ಕೊರೆತ ಶುರುವಾಗಿರುವುದು ಡೆವಿಲ್ಸ್ ಕ್ಯಾಟರಾಕ್ಟಿನ ಕಡೆಯಿಂದ. ಸೇತುವೆಯ ಮೇಲೆ ನಿಂತು ಕಮರಿ ನೋಡುವಾಗ ಹೇಳಿದರೆ ಅವನಿಗೆ ಮರೆಯುವುದಿಲ್ಲ.

• ಯಾರನ್ನಾದರೂ ಏನಾದರೂ ಕೇಳುವ ಮುಂಚೆ ನಮಸ್ಕಾರ ಹೇಳಿ, ಹೇಗಿದ್ದೀರಿ ಎಂದು ವಿಚಾರಿಸಿ. ಎರಡೂ ದೇಶಗಳಲ್ಲಿ ಅದು ಮರ್ಯಾದೆ. ನೇರ ಬೆಲೆ ಕೇಳುವುದು ಒರಟುತನ. ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ಜಾಂಬಿಯಾ ಕಡೆಯ ಮುಕುನಿ ಹಳ್ಳಿಗೆ ಹೋದರೆ ಜನರ ಮನೆಯೊಳಗೆ ಕ್ಯಾಮೆರಾ ಹಿಡಿದು ನುಗ್ಗಬೇಡಿ, ಕೇಳಿ ತೆಗೆಯಿರಿ. ಪೊಲೀಸರು, ಸೈನಿಕರು, ಗಡಿಕಟ್ಟೆಯ ಫೋಟೋ ಬೇಡ. ಡ್ರೋನ್ ಮನೆಯಲ್ಲೇ ಇರಲಿ.

• ಕೊಳ್ಳುವುದಾದರೆ ಕಲ್ಲು, ಮರದ ಕೆತ್ತನೆ, ಬುಟ್ಟಿ, ತಾಮ್ರದ ಬಳೆ. ನ್ಯಾಮಿನ್ಯಾಮಿ ಎಂಬ ಹಾವಿನಂಥ ನದಿದೇವತೆಯ ಕೆತ್ತನೆ ಇರುವ ಕೋಲು ಸಿಗುತ್ತದೆ, ಟೋಂಗಾ ಜನರ ದೇವರದು. 1950ರ ದಶಕದ ಕೊನೆಯಲ್ಲಿ ಕೆಳಗಡೆ ಕರೀಬಾ ಅಣೆಕಟ್ಟು ಕಟ್ಟಿದಾಗ ಆ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ನೆಲ ಕಳೆದುಕೊಂಡರು. ಲಿಂಗನಮಕ್ಕಿ, ಆಲಮಟ್ಟಿಯ ಮುಳುಗಡೆ ಬಲ್ಲ ನಾವು ಆ ಕೋಲಿಗೆ ಕೊನೆಯ ಕಾಸಿನ ತನಕ ಚೌಕಾಸಿ ಮಾಡಬಾರದು. ದಂತ, ಚರ್ಮ, ಆಮೆಚಿಪ್ಪು ಮುಟ್ಟಲೇಬೇಡಿ. ಅಲ್ಲೂ ಅಪರಾಧ, ಇಲ್ಲೂ ಅಪರಾಧ. 2008ರ ಹಣದುಬ್ಬರದ ಕಾಲದ ಲಕ್ಷಕೋಟಿ ಡಾಲರುಗಳ ರದ್ದಾದ ಜಿಂಬಾಬ್ವೆ ನೋಟುಗಳನ್ನು ಬೀದಿಯಲ್ಲಿ ಮಾರುತ್ತಾರೆ, ಮಗನಿಗೆ ಒಂದು ಕೊಡಿಸಿ.

• ಕರೆಂಟು ಹೋಗುತ್ತಿರುತ್ತದೆ. ಕರೀಬಾದಲ್ಲಿ ನೀರು ತಗ್ಗಿದರೆ ಎರಡೂ ದೇಶಗಳಿಗೆ ಕತ್ತಲು. ಟಾರ್ಚು, ಪವರ್ ಬ್ಯಾಂಕು ಇಟ್ಟುಕೊಳ್ಳಿ. ಅಲ್ಲಿ ಇಂಗ್ಲೆಂಡಿನ ಮಾದರಿಯ ಚಪ್ಪಟೆ ಮೂರು ಪಿನ್ನಿನ ಪ್ಲಗ್ಗು ಹೆಚ್ಚು. ನಮ್ಮ ಗಡಿಯಾರಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಮ್ಮನಿಗೆ ಫೋನು ಮಾಡುವಾಗ ಅಲ್ಲಿಯ ಸಂಜೆ ಆರರೊಳಗೆ ಮಾಡು.

• ಊರಿಗೆ ಬಂದ ಮೇಲೆ ಎರಡು ಮೂರು ತಿಂಗಳೊಳಗೆ ಯಾರಿಗೆ ಜ್ವರ ಬಂದರೂ ಮನೆಮದ್ದು ಮಾಡುತ್ತಾ ಕೂರಬೇಡ. ಅಂದೇ ಡಾಕ್ಟರ ಬಳಿ ಹೋಗಿ, ಆಫ್ರಿಕಾಕ್ಕೆ ಹೋಗಿದ್ದೆವು ಎಂದು ಮೊದಲ ಮಾತಿನಲ್ಲೇ ಹೇಳಿ, ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸು. ಅಲ್ಲಿಯ ಮಲೇರಿಯಾ ಬೇಗ ಮಿದುಳಿಗೆ ಏರುವ ಜಾತಿಯದು, ತಡಮಾಡಿದರೆ ಅಪಾಯ.